ಒಳಮನೆಯ ದನಿ ರಂಗವೇರಿದಾಗ

ನಗೆಗೆ ಸಿಕ್ಕುವ ವಸ್ತುಗಳಲ್ಲೆಲ್ಲ ಸಂಸಾರದಷ್ಟು ಹಳೆಯದು ಮತ್ತೊಂದಿಲ್ಲ. ಅದರಷ್ಟು ಅಗ್ಗವಾದುದೂ ಇಲ್ಲ. ಗಂಡನ ಮರೆವು, ಹೆಂಡತಿಯ ನೆನಪು, ಅತ್ತೆಯ ಕೆಮ್ಮು, ಅಳಿಯನ ದೀಪಾವಳಿ, ನೆರೆಮನೆಯಾಕೆ ಕಡ ಒಯ್ದು ಮರಳಿಸದ ಕಾಫಿಪುಡಿ, ಇಷ್ಟು ಸಾಮಗ್ರಿ ಕೈಗೆ ಸಿಕ್ಕಿದರೆ ಯಾವ ಹಬ್ಬಕ್ಕೂ ಒಂದು ಪ್ರಹಸನ ಸಿದ್ಧವಾದೀತು. ಆದರೆ ಬಾನುಲಿಯಲ್ಲಿ ವಾರವಾರವೂ ಕೇಳಿ ನಕ್ಕ ಸಂಸಾರವೊಂದನ್ನು ಎತ್ತಿ ತಂದು ರಂಗದ ಮೇಲೆ ನಿಲ್ಲಿಸಹೊರಟವರಿಗೆ ಈ ಅಗ್ಗದ ಸಾಮಗ್ರಿಯ ನಿಜವಾದ ಬೆಲೆ ಗೊತ್ತಾಗುತ್ತದೆ. ನನಗೆ ಅದು ಗೊತ್ತಾದುದು ನನ್ನ ಹದಿನೆಂಟನೆಯ ವಯಸ್ಸಿನಲ್ಲಿ, ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ.

ತಾವರೆಕೆರೆಯು ಸಿರಾದಿಂದ ಹಿರಿಯೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಊರು. ಮಳೆ ಕಡಿಮೆಯ ಸೀಮೆ. ಕಡಲೆಕಾಯಿ, ರಾಗಿಗಳ ನೆಲ. ಮಳೆಗೆ ಬರವಿದ್ದರೂ ನಾಟಕಕ್ಕೆ ಇತ್ತಕಡೆ ಎಂದೂ ಬರವಿಲ್ಲ. ಗುಬ್ಬಿ ವೀರಣ್ಣನವರ ಗುಬ್ಬಿಯು ಇದೇ ಜಿಲ್ಲೆಯದು. ಸುಗ್ಗಿ ಮುಗಿದು ಬೇಸಗೆ ಕಾಲಿಟ್ಟಿತೆಂದರೆ ಹಳ್ಳಿಹಳ್ಳಿಯಲ್ಲಿಯೂ ಹಾರ್ಮೋನಿಯಂ ಮಾಸ್ತರರ ಮುಂದೆ ರೈತರು ಕುಳಿತು ‘ಕುರುಕ್ಷೇತ್ರ’ದ ಕಂದಪದ್ಯಗಳನ್ನು ಕಂಠಪಾಠ ಮಾಡುತ್ತಾರೆ. ಹಗಲು ನೇಗಿಲು ಹಿಡಿದ ಕೈ ಇರುಳು ಗದೆ ಹಿಡಿಯುತ್ತದೆ. ಬೆಳಗಾಗುವವರೆಗೆ ದುರ್ಯೋಧನನು ಸಾಯುವುದಿಲ್ಲ. ಪ್ರೇಕ್ಷಕರು ಸಾಯಗೊಡುವುದೂ ಇಲ್ಲ.

ಇಂಥ ಊರಿನಲ್ಲಿ, ೨೦೦೪ರ ಬೇಸಗೆಯಲ್ಲಿ, ನಾವು ಕೆಲವು ಹುಡುಗರು ಗದೆ ಕಿರೀಟಗಳನ್ನು ಬದಿಗಿರಿಸಿ, ಒಂದು ಹಜಾರ, ಎರಡು ಕುರ್ಚಿ, ಒಂದು ಕಾಫಿ ಲೋಟ ಇವಿಷ್ಟರಿಂದ ಊರನ್ನು ನಗಿಸುವೆವೆಂದು ಹೊರಟೆವು. ನಮ್ಮ ಬಂಡವಾಳ ಒಂದು ಬಾನುಲಿ ಮಾಲೆ. ಅದರ ಹೆಸರನ್ನು ಇಲ್ಲಿ ಹೇಳದಿರುವುದಕ್ಕೆ ಓದುಗರು ಮನ್ನಿಸಬೇಕು. ಬರೆದವರ ಅನುಮತಿಯನ್ನು ಕೇಳಬೇಕೆಂಬ ತಿಳಿವಳಿಕೆಯೂ ಇಲ್ಲದೆ ಅದನ್ನು ಎತ್ತಿಕೊಂಡೆವು. ಕದ್ದ ಮಾವಿನಹಣ್ಣಿನ ರುಚಿಯನ್ನು ಹೇಳಬಹುದು; ತೋಟದ ಒಡೆಯನ ಹೆಸರು ಹೇಳುವುದು ಉಚಿತವಲ್ಲ.

ಬೀಜ ಸುಲಿಯುವ ಹೊತ್ತಿನ ಬಾನುಲಿ

ಬಿತ್ತನೆಗೆ ಬೇಕಾದ ಕಡಲೆಬೀಜವನ್ನು ನಮ್ಮಲ್ಲಿ ಕೈಯಿಂದಲೇ ಸುಲಿಯುವುದು ವಾಡಿಕೆಯಾಗಿತ್ತು. ಯಂತ್ರಕ್ಕೆ ಹಾಕಿದರೆ ಬೀಜ ಒಡೆಯುತ್ತದೆ, ಮೇಲಿನ ಕೆಂಪು ಹೊಟ್ಟು ಹರಿಯುತ್ತದೆ, ಮೊಳಕೆ ಕೆಡುತ್ತದೆ. ಆದುದರಿಂದ ಮಳೆಗಾಲಕ್ಕೆ ಮುಂಚಿನ ವಾರಗಳಲ್ಲಿ ನನ್ನ ದೊಡ್ಡಮ್ಮನ ಹಜಾರದಲ್ಲಿ ಆರೇಳು ಮಂದಿ ಹೆಂಗಸರು ಕಡಲೆಕಾಯಿಯ ರಾಶಿಯ ಸುತ್ತ ಕುಳಿತಿರುತ್ತಿದ್ದರು. ಕೈಗೆ ಕೆಲಸವಿತ್ತು, ಕಣ್ಣಿಗೆ ಅರ್ಧ ಕೆಲಸವಿತ್ತು, ಕಿವಿ ಮಾತ್ರ ಪೂರ್ತಿ ಬಿಡುವಾಗಿತ್ತು. ದೂರದರ್ಶನವು ಬೀದಿಗೊಂದರಂತೆ ಆಗಲೇ ಬಂದಿತ್ತಾದರೂ ಅದರ ಮುಂದೆ ಕುಳಿತವಳ ಕೈ ನಿಲ್ಲುತ್ತದೆಂಬುದು ಮನೆಯ ಹಿರಿಯರ ದೂರು. ಬಾನುಲಿಯ ಮೇಲೆ ಅಂಥ ದೂರಿರಲಿಲ್ಲ. ಚಿತ್ರದುರ್ಗದ ಆಕಾಶವಾಣಿ ಕೇಂದ್ರವು ೧೯೯೧ರಲ್ಲಿ ಆರಂಭವಾದ ಮೇಲೆ ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಅದರ ಮಾತು ಪಕ್ಕದ ಮನೆಯವರು ಆಡಿದಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು; ಬೆಂಗಳೂರಿನದು ಗಾಳಿಯ ಮರ್ಜಿಯನ್ನು ನೋಡಿಕೊಂಡು ಬರುತ್ತಿತ್ತು.

ಆ ಮಾಲೆಯ ಸಂಸಾರ ಸರಳವಾದುದು. ನಿವೃತ್ತನಾದ ಒಬ್ಬ ಯಜಮಾನ, ಕೆಲಸ ಸಿಕ್ಕದ ಒಬ್ಬ ಮಗ, ಓದಿದ ಸೊಸೆ, ದಿನವೂ ಏನನ್ನಾದರೂ ಕಡ ಕೇಳಲು ಬರುವ ನೆರೆಯಾತ. ಇವರೆಲ್ಲ ಹಜಾರದಲ್ಲಿ ಮಾತನಾಡುತ್ತಿರುವರು. ಮನೆಯೊಡತಿಯು ಮಾತ್ರ ಒಳಗಿನಿಂದ ಮಾತನಾಡುವಳು. ಪಾತ್ರೆಯ ಸದ್ದು, ಒಗ್ಗರಣೆಯ ಸದ್ದು, ಅವುಗಳ ನಡುವೆ ಆಕೆಯ ಒಂದು ಮಾತು. ಹೊರಗೆ ಹತ್ತು ನಿಮಿಷ ಹೊಸೆದ ತರ್ಕವನ್ನು ಆ ಒಂದು ಮಾತು ಹರಿದು ಹಾಕುತ್ತಿತ್ತು. ನಮ್ಮ ಹಜಾರದ ನಗೆಯೆಲ್ಲ ಆಕೆಯದೇ. ಯಜಮಾನನ ಮಾತಿಗೆ ನಕ್ಕವರನ್ನು ನಾನು ಕಾಣೆ.

ಬಾನುಲಿಯ ಸಂಸಾರದ ಗುಟ್ಟು ಇಲ್ಲಿದೆ. ಆ ಪೆಟ್ಟಿಗೆಯು ಕೇಳುವವಳನ್ನು ಮನೆಯಿಂದ ಹೊರಡಿಸುವುದಿಲ್ಲ. ಟಿಕೆಟ್ಟು ಕೇಳುವುದಿಲ್ಲ, ಒಳ್ಳೆಯ ಸೀರೆ ಉಡಿಸುವುದಿಲ್ಲ, ಯಾರ ಅಪ್ಪಣೆಯನ್ನೂ ಬೇಡಿಸುವುದಿಲ್ಲ. ನಾಟಕವು ತಾನಾಗಿ ಒಲೆಯ ಬಳಿಗೆ ಬರುತ್ತದೆ. ಬಂದ ಮೇಲೆ ಒಲೆಯ ಬಳಿಯವರ ದನಿಯನ್ನೇ ತಾನು ಮಾತನಾಡುತ್ತದೆ. ಬೆಂಗಳೂರು ಆಕಾಶವಾಣಿಯ ನಾಟಕಗಳಲ್ಲಿ ಯಮುನಾ ಮೂರ್ತಿಯವರಂಥ ಕಲಾವಿದೆಯರ ಕಂಠವನ್ನು ಗುರುತು ಹಿಡಿಯುತ್ತಿದ್ದ ಎಷ್ಟೋ ಗೃಹಿಣಿಯರಿಗೆ ಆ ಕಂಠದ ಒಡತಿಯ ಮುಖ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ‘ಆಕಾಶವಾಣಿ ಈರಣ್ಣ’ನೆಂದೇ ನಾಡಿಗೆಲ್ಲ ಪರಿಚಿತರಾಗಿದ್ದ ಎ. ಎಸ್. ಮೂರ್ತಿಯವರು ಬೀದಿಯಲ್ಲಿ ನಡೆದುಹೋದರೆ ಹಳ್ಳಿಯವರು ಬಹುಶಃ ತಿರುಗಿ ನೋಡುತ್ತಿರಲಿಲ್ಲ. ಬಾಯಿ ತೆರೆದರೆ ಸುತ್ತ ಜನ ಸೇರುತ್ತಿದ್ದರು. ೨೦೧೨ರಲ್ಲಿ ತೀರಿಕೊಂಡ ಈ ಮಹನೀಯರು ಬಾನುಲಿಯಷ್ಟೇ ರಂಗಭೂಮಿಗೂ ಸಂದವರು. ಬೆಂಗಳೂರಿನಲ್ಲಿ ‘ಅಭಿನಯ ತರಂಗ’ವೆಂಬ ನಾಟಕಶಾಲೆಯನ್ನು ಕಟ್ಟಿದವರು. ದನಿಯ ಮನೆಗೂ ರಂಗದ ಮನೆಗೂ ನಡುವೆ ಹೀಗೆ ಓಡಾಡಿದವರು ಕನ್ನಡದಲ್ಲಿ ಮೊದಲಿನಿಂದಲೂ ಇದ್ದಾರೆ.

ಹೇಳಿ ಬರೆಯಿಸಿದ ನಾಟಕಗಳು

ಕನ್ನಡದ ಗೃಹಹಾಸ್ಯವು ಹುಟ್ಟಿನಿಂದಲೇ ಕಿವಿಯ ಕೂಸು ಎಂದರೆ ತಪ್ಪಾಗಲಾರದು. ಟಿ. ಪಿ. ಕೈಲಾಸಂ ಅವರು (೧೮೮೪–೧೯೪೬) ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಓದಿ ಬಂದು, ನೆಲದೊಳಗಿನ ಕಲ್ಲನ್ನು ಬಿಟ್ಟು ಬೆಂಗಳೂರಿನ ಮಧ್ಯಮವರ್ಗದ ಮನೆಗಳ ಒಳಗನ್ನು ಅಗೆದವರು. ೧೯೧೮ರ ‘ಟೊಳ್ಳು ಗಟ್ಟಿ’ಯಲ್ಲಿ ಪುಸ್ತಕದ ಹುಳುವಾದ ಮಗನನ್ನೂ ಮನೆಗೂ ನೆರೆಗೂ ಒದಗುವ ಮಗನನ್ನೂ ಎದುರುಬದುರು ನಿಲ್ಲಿಸಿ, ಯಾವುದು ಟೊಳ್ಳು, ಯಾವುದು ಗಟ್ಟಿ ಎಂದು ಕೇಳಿದರು. ಪುರಾಣದ ಅರಮನೆಯಲ್ಲಿದ್ದ ಕನ್ನಡ ರಂಗಭೂಮಿಯು ಹಜಾರಕ್ಕೆ ಇಳಿದು ಬಂದುದು ಅಲ್ಲಿಂದ.

ಕೈಲಾಸಂ ಅವರು ನಾಟಕವನ್ನು ಮೇಜಿನ ಮುಂದೆ ಕುಳಿತು ಬರೆಯುವ ಪೈಕಿಯಲ್ಲವೆಂಬುದು ಪ್ರಸಿದ್ಧ. ಅವರು ಹೇಳುತ್ತಿದ್ದರು, ಮಿತ್ರರು ಬರೆದುಕೊಳ್ಳುತ್ತಿದ್ದರು. ಎಲ್ಲ ಪಾತ್ರಗಳ ದನಿಯನ್ನೂ ಒಬ್ಬರೇ ಆಡಿ ತೋರಿಸಿದ ಮೇಲೆ ಕಾಗದಕ್ಕೆ ಕೆಲಸ. ಆದುದರಿಂದಲೇ ಇಂದಿಗೂ ಆ ನಾಟಕಗಳನ್ನು ಮನಸ್ಸಿನಲ್ಲಿ ಓದಿದರೆ ಅಕ್ಷರಗಳು ಎಡವಿಸುತ್ತವೆ. ಗಟ್ಟಿಯಾಗಿ ಓದಿದರೆ ಹಾದಿ ತಾನಾಗಿ ತೆರೆಯುತ್ತದೆ. ಇಂಗ್ಲಿಷನ್ನು ನುಂಗಿ ಅರಗಿಸಿಕೊಳ್ಳುತ್ತಿದ್ದ ಅಂದಿನ ಮನೆಮಾತು ಅಲ್ಲಿ ಹಾಗೆ ಹಾಗೆಯೇ ಇದೆ.

ಆದರೆ ಒಂದು ವಿಚಿತ್ರವನ್ನು ಮರೆಯಬಾರದು. ಸಂಸಾರದ ಈ ಹೊಸ ನಾಟಕಗಳನ್ನು ಅಂದು ಆಡುತ್ತಿದ್ದ ವಿಲಾಸಿ ತಂಡಗಳಲ್ಲಿ ತಾಯಿ, ಹೆಂಡತಿ, ನಾದಿನಿಯರ ಪಾತ್ರವನ್ನು ಬಹುಮಟ್ಟಿಗೆ ಗಂಡಸರೇ ವಹಿಸುತ್ತಿದ್ದರು. ವೃತ್ತಿ ಕಂಪನಿಗಳಲ್ಲಿ ನಟಿಯರು ಬಂದರು, ನಿಜ. ಗುಬ್ಬಿ ಕಂಪನಿಯ ಬಿ. ಜಯಮ್ಮನವರ ಹೆಸರನ್ನು ಅರಿಯದವರಾರು? ಆದರೆ ‘ಮರ್ಯಾದಸ್ಥರ’ ಮನೆಯ ಕಥೆಯನ್ನು ಆಡಲು ಮರ್ಯಾದಸ್ಥರ ಮನೆಯ ಹೆಂಗಸು ಬರುವಂತಿರಲಿಲ್ಲ. ಮನೆಯೊಳಗಿನ ನಾಟಕ ಬಂದಿತು, ಮನೆಯೊಳಗಿನವಳು ಬರಲಿಲ್ಲ.

ಅವಳ ದನಿಗೆ ಮೊದಲು ಬಾಗಿಲು ತೆರೆದುದು ಬಾನುಲಿ. ೧೯೩೫ರ ಸೆಪ್ಟೆಂಬರ್ ೧೦ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಲ್ಲಿಯೇ ೩೦ ವ್ಯಾಟಿನ ಪುಟ್ಟ ಪ್ರೇಷಕವೊಂದನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸೇರಿತು. ಮುಂದೆ ಇಡೀ ಭಾರತದ ಬಾನುಲಿಗೆ ಅದೇ ಹೆಸರಾಯಿತು. ಆ ನಿಲಯದ ಕೆಲಸದಲ್ಲಿ ಅವರಿಗೆ ಜೊತೆಯಾದ ನಾ. ಕಸ್ತೂರಿಯವರು ಕನ್ನಡದ ದೊಡ್ಡ ಹಾಸ್ಯಲೇಖಕರೆಂಬುದು ಆಕಸ್ಮಿಕವಾಗಿದ್ದರೂ ಅರ್ಥಪೂರ್ಣವಾದ ಆಕಸ್ಮಿಕ. ಮನೆಯೊಂದರಲ್ಲಿ ಹುಟ್ಟಿದ ನಿಲಯವು ಮನೆಮನೆಯ ಮಾತನ್ನಾಡಲು ಕಲಿಯಿತು. ೧೯೫೦ರ ಜನವರಿಯಲ್ಲಿ ಧಾರವಾಡದ ನಿಲಯವೂ ೧೯೫೫ರ ನವೆಂಬರಿನಲ್ಲಿ ಬೆಂಗಳೂರಿನ ನಿಲಯವೂ ಬಂದ ಮೇಲೆ ಕನ್ನಡ ನಾಟಕಕ್ಕೆ ರಂಗಮಂದಿರಗಳಲ್ಲಿ ಎಂದೂ ಸೇರಲಾರದಷ್ಟು ದೊಡ್ಡ ಸಭೆ ದೊರೆಯಿತು.

ಬ್ರಾಂಕ್ಸಿನ ಕಿಟಕಿ

ಬಾನುಲಿಯ ಸಂಸಾರವೊಂದು ರಂಗವೇರಿದ ಪ್ರಸಿದ್ಧ ನಿದರ್ಶನವನ್ನು ಹುಡುಕುತ್ತ ಹೋದರೆ ಅಮೆರಿಕಕ್ಕೆ ಹೋಗಬೇಕಾಗುತ್ತದೆ. ಅಲ್ಲಿಯೂ ನಡುಮನೆಯಲ್ಲಿ ನಿಂತವಳು ಒಬ್ಬ ಗೃಹಿಣಿಯೇ. ೧೯೨೯ರ ನವೆಂಬರ್ ೨೦ರಂದು, ನ್ಯೂಯಾರ್ಕಿನ ಷೇರುಪೇಟೆ ಕುಸಿದು ಕೆಲವೇ ವಾರಗಳಾಗಿದ್ದಾಗ, ಬ್ರಾಂಕ್ಸ್ ಬಡಾವಣೆಯ ಯಹೂದಿ ಕುಟುಂಬವೊಂದರ ಕಥೆ ಬಾನುಲಿಯಲ್ಲಿ ಆರಂಭವಾಯಿತು. ಗೋಲ್ಡ್‌ಬರ್ಗ್ ಮನೆತನದ ಗಂಡ ಜೇಕ್, ಹೆಂಡತಿ ಮಾಲಿ, ಮಕ್ಕಳಾದ ಸ್ಯಾಮಿ ಮತ್ತು ರೋಸಲಿ. ಕಥೆಯನ್ನು ಬರೆದವರೂ ಮಾಲಿಯ ಪಾತ್ರವನ್ನು ನುಡಿದವರೂ ಗರ್ಟ್ರೂಡ್ ಬರ್ಗ್ ಎಂಬ ಒಬ್ಬರೇ ಮಹಿಳೆ. ಸಾವಿರಾರು ಕಂತುಗಳನ್ನು ಆಕೆ ಬರೆದರು. ಮಾಲಿಯು ಕಿಟಕಿಯಿಂದ ತಲೆ ಹೊರಚಾಚಿ ಎದುರುಮನೆಯಾಕೆಯನ್ನು ಕೂಗುವ ದನಿಯು ಅಮೆರಿಕದ ಮನೆಮನೆಗೂ ಪರಿಚಿತವಾಯಿತು. ನಮ್ಮ ವಠಾರಗಳಲ್ಲಿ ಬೆಳೆದವರಿಗೆ ಅಂಥ ಕೂಗಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೪೮ರಲ್ಲಿ ಬರ್ಗ್ ಅವರು ಈ ಸಂಸಾರವನ್ನು ‘ಮಿ ಅಂಡ್ ಮಾಲಿ’ ಎಂಬ ಹೆಸರಿನಿಂದ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ತಂದರು. ನಾಟಕವು ೧೫೬ ಪ್ರದರ್ಶನಗಳನ್ನು ಕಂಡಿತು. ಮರುವರ್ಷ, ೧೯೪೯ರಲ್ಲಿ, ಆ ಕುಟುಂಬ ದೂರದರ್ಶನಕ್ಕೂ ಹೋಯಿತು. ಇಂಗ್ಲೆಂಡಿನಲ್ಲಿಯೂ ಇಂಥದೇ ಒಂದು ಪ್ರಯೋಗ ನಡೆಯಿತು. ೧೯೫೦ರಿಂದ ೧೯೬೧ರವರೆಗೆ ಬಿಬಿಸಿಯಲ್ಲಿ ಬಂದ ‘ಲೈಫ್ ವಿತ್ ದಿ ಲಯನ್ಸ್’ ಮಾಲೆಯಲ್ಲಿ ಬೆನ್ ಲಯನ್, ಆತನ ಪತ್ನಿ ಬೀಬಿ ಡೇನಿಯಲ್ಸ್, ಅವರ ಮಗ, ಮಗಳು ನಿಜಜೀವನದ ಕುಟುಂಬವಾಗಿಯೇ ಇದ್ದು, ಕುಟುಂಬದ ಪಾತ್ರಗಳನ್ನು ತಾವೇ ವಹಿಸಿದರು. ಅದು ರಂಗಕ್ಕೂ ಬಂದಿತು, ೧೯೫೪ರಲ್ಲಿ ಚಲನಚಿತ್ರವೂ ಆಯಿತು. ಅಲ್ಲಿ ಮನೆಯವರೇ ನಟರು. ‘ಯಾರು ಕಾಣಿಸಿಕೊಳ್ಳಬಹುದು’ ಎಂಬ ಪ್ರಶ್ನೆಯೇ ಏಳಲಿಲ್ಲ.

ಗೋಲ್ಡ್‌ಬರ್ಗರ ಮನೆಯಲ್ಲಿ ಆ ಪ್ರಶ್ನೆ ಬೇರೊಂದು ಬಾಗಿಲಿನಿಂದ ಬಂದಿತು. ರಂಗದ ಮೇಲೆಯೂ ಮುಂದೆ ದೂರದರ್ಶನದಲ್ಲಿಯೂ ಜೇಕನ ಪಾತ್ರವನ್ನು ವಹಿಸಿದ ಫಿಲಿಪ್ ಲೋಬ್ ಎಂಬ ನಟನ ಹೆಸರು ೧೯೫೦ರಲ್ಲಿ ಪ್ರಕಟವಾದ ಕಮ್ಯೂನಿಸ್ಟ್ ಶಂಕಿತರ ಪಟ್ಟಿಯೊಂದರಲ್ಲಿ ಸೇರಿತು. ಜಾಹೀರಾತು ಕೊಡುವವರು ಹಿಂಜರಿದರು. ಬರ್ಗ್ ಅವರು ಕೆಲಕಾಲ ಪಟ್ಟು ಹಿಡಿದರೂ ಕೊನೆಗೆ ಆತನು ಆ ಮನೆಯನ್ನು ಬಿಡಬೇಕಾಯಿತು. ೧೯೫೫ರಲ್ಲಿ ಆತನು ತನ್ನ ಕೈಯಾರೆ ಪ್ರಾಣವನ್ನು ಕಳೆದುಕೊಂಡನು. ನಗೆಯ ಮನೆಗೂ ಹೊಸ್ತಿಲಿದೆ. ಅದರ ಹೊರಗೆ ನಿಂತವರು ಒಳಗೆ ಯಾರಿರಬೇಕೆಂಬುದನ್ನು ತೀರ್ಮಾನಿಸುತ್ತಾರೆ. ಹದಿನೆಂಟರ ವಯಸ್ಸಿನಲ್ಲಿ ನನಗೆ ಲೋಬನ ಹೆಸರು ಗೊತ್ತಿರಲಿಲ್ಲ. ಹೊಸ್ತಿಲು ಮಾತ್ರ ನಮ್ಮೂರಿನಲ್ಲಿಯೂ ಇತ್ತು.

ಕಿವಿ ಒಪ್ಪಿದುದನ್ನು ಕಣ್ಣು ಒಪ್ಪದು

ನಮ್ಮ ಮೊದಲ ತೊಡಕು ಕಟ್ಟಡದ್ದು. ಬಾನುಲಿಯ ಕಂತು ಅರ್ಧ ಗಂಟೆಗೆ ಮುಗಿಯುತ್ತದೆ. ಮುಗಿದಾಗ ಎಲ್ಲವೂ ಮೊದಲಿದ್ದಂತೆಯೇ ಇರಬೇಕು. ಮಗನಿಗೆ ಕೆಲಸ ಸಿಕ್ಕಬಾರದು, ಕಾಫಿಪುಡಿ ಮರಳಿ ಬರಬಾರದು. ಬಂದರೆ ಮುಂದಿನ ವಾರಕ್ಕೆ ಕಥೆಯಿಲ್ಲ. ರಂಗನಾಟಕವು ಹಾಗಲ್ಲ. ಎರಡು ಗಂಟೆ ಕುಳಿತ ಪ್ರೇಕ್ಷಕನು ಕೊನೆಗೆ ಏನಾದರೊಂದು ಬದಲಾದುದನ್ನು ಕಾಣಬಯಸುತ್ತಾನೆ. ನೆನಪಿನಿಂದ ನಾನು ಬರೆದುಕೊಂಡ ಆರು ಕಂತುಗಳನ್ನು ಒಂದರ ಬೆನ್ನಿಗೊಂದು ಪೋಣಿಸಿದಾಗ ಅದು ನಾಟಕವಾಗಲಿಲ್ಲ. ಆರು ಬಾರಿ ಆರಂಭವಾಗಿ ಆರು ಬಾರಿ ನಿಂತುಹೋಗುವ ಬಸ್ಸಾಯಿತು. ಕೊನೆಗೆ ಐದನ್ನು ಬಿಟ್ಟು, ಮಗನು ಊರು ಬಿಟ್ಟು ಹೊರಡುವ ಒಂದೇ ಕಂತನ್ನು ಬೆನ್ನೆಲುಬಾಗಿ ಮಾಡಿಕೊಂಡೆವು.

ಎರಡನೆಯದು ಮಾತಿನ ತೊಡಕು. ಬಾನುಲಿಯಲ್ಲಿ ಬಂದವನು ಯಾರೆಂದು ಬಾಯಿಂದ ಹೇಳಲೇಬೇಕು: “ಓಹೋ, ಬನ್ನಿ ಶಾಮಣ್ಣನವರೆ, ಕೈಯಲ್ಲಿ ಬಟ್ಟಲು ಹಿಡಿದೇ ಬಂದಿರಲ್ಲ!” ಕೇಳುವವನಿಗೆ ಆ ಬಟ್ಟಲು ಕಣ್ಣಿಗೆ ಕಟ್ಟುತ್ತದೆ. ಅದೇ ಮಾತನ್ನು ರಂಗದ ಮೇಲೆ ಆಡಿದರೆ ಪ್ರೇಕ್ಷಕನು, ‘ನನಗೆ ಕಣ್ಣಿಲ್ಲವೆ?’ ಎಂದುಕೊಳ್ಳುತ್ತಾನೆ. ಬಟ್ಟಲಿನ ಮಾತನ್ನೆಲ್ಲ ಹೊಡೆದುಹಾಕಿದೆವು. ಶಾಮಣ್ಣನು ಬಟ್ಟಲನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಮಳೆಯ ವಿಚಾರವನ್ನು ಮಾತನಾಡುತ್ತ ನಿಂತನು. ಒಂದು ಮಾತೂ ಇಲ್ಲದೆ ಜನ ನಕ್ಕರು. ಹಾಸ್ಯವು ಬಾಯಿಂದ ಕೈಗೆ ದಾಟಿದ ಬಗೆ ಅದು.

ಮೂರನೆಯದು ಮೌನದ ತೊಡಕು. ಬಾನುಲಿಯಲ್ಲಿ ಮಾತನಾಡದವನು ಇಲ್ಲದವನೇ ಸರಿ. ನಾಲ್ವರು ಕುಳಿತ ಹಜಾರದಲ್ಲಿ ಇಬ್ಬರು ಮಾತನಾಡುತ್ತಿದ್ದರೆ ಉಳಿದಿಬ್ಬರು ಅಷ್ಟು ಹೊತ್ತು ಗಾಳಿಯಲ್ಲಿ ಕರಗಿಹೋಗುತ್ತಾರೆ. ರಂಗದ ಮೇಲೆ ಅವರು ಕರಗುವಂತಿಲ್ಲ. ಅವರ ಕೈಗೆ ಏನಾದರೂ ಕೊಡಬೇಕು. ಅವರು ಕೇಳುತ್ತಿರುವುದು ಕಾಣಬೇಕು. ಸೊಸೆಗೆ ಹೂ ಕಟ್ಟುವ ಕೆಲಸ ಕೊಟ್ಟೆವು. ಮಾವನ ಮಾತಿನ ಬಿಸಿ ಏರಿದಂತೆಲ್ಲ ಆಕೆಯ ಕೈ ನಿಧಾನವಾಗುತ್ತ ಬರುವುದನ್ನು ಕಂಡು, ಬಾನುಲಿಯಲ್ಲಿ ಇಲ್ಲವೇ ಇಲ್ಲದ ಒಂದು ಪಾತ್ರ ಹುಟ್ಟಿತೆಂದು ನಮಗೆ ಸಂಭ್ರಮವಾಯಿತು.

ಬಾನುಲಿ ನಿಲಯದಲ್ಲಿ ನಟರು ಧ್ವನಿವರ್ಧಕಕ್ಕೆ ಹತ್ತಿರವಾದರೆ ಪಾತ್ರವು ಕೇಳುವವನ ಕಿವಿಯಲ್ಲಿ ಪಿಸುಗುಟ್ಟುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಒಳಕೋಣೆಗೆ ಹೋದಂತಾಗುತ್ತದೆ. ಗೋಡೆಯಿಲ್ಲ, ಬಾಗಿಲಿಲ್ಲ, ದೂರವೊಂದೇ ಮನೆಯನ್ನು ಕಟ್ಟುತ್ತದೆ. ಅಂತೆಯೇ ನಮ್ಮ ಮಾಲೆಯ ಗೃಹಿಣಿಯು ವರ್ಷಗಟ್ಟಲೆ ಆ ನಾಲ್ಕು ಹೆಜ್ಜೆಗಳ ಹಿಂದೆ ನಿಂತು ಬದುಕಿದಳು. ಆಕೆಯನ್ನು ರಂಗದ ಮೇಲೆ ಎಲ್ಲಿ ನಿಲ್ಲಿಸುವುದು? ಇದಕ್ಕಿಂತ ದೊಡ್ಡ ಪ್ರಶ್ನೆ: ಯಾರನ್ನು ನಿಲ್ಲಿಸುವುದು?

ಪರದೆಯ ಹಿಂದಿನ ಚಾಪೆ

ನಮ್ಮ ಕಡೆಯ ಹಳ್ಳಿನಾಟಕಗಳಿಗೆ ಸ್ತ್ರೀಪಾತ್ರಧಾರಿಗಳನ್ನು ಪಟ್ಟಣದಿಂದ ಸಂಭಾವನೆ ಕೊಟ್ಟು ಕರೆಸುವುದು ರೂಢಿ. ದ್ರೌಪದಿ, ಕುಂತಿಯರೆಲ್ಲ ಸಂಜೆಯ ಬಸ್ಸಿಗೆ ಬಂದಿಳಿದು, ಬೆಳಗಿನ ಬಸ್ಸಿಗೆ ಹೊರಟುಹೋಗುತ್ತಾರೆ. ನಮ್ಮ ಚಂದಾಹಣ ಒಬ್ಬ ನಟಿಗೆ ಮಾತ್ರ ಸಾಲುವಂತಿತ್ತು. ಆಕೆಗೆ ಸೊಸೆಯ ಪಾತ್ರ ಹೋಯಿತು. ಗೃಹಿಣಿಗೆಂದು ನಮ್ಮಲ್ಲಿಯೇ ಒಬ್ಬ ಹುಡುಗನಿಗೆ ಸೀರೆ ಉಡಿಸಿದೆವು. ತಾಲೀಮು ನೋಡಲು ಬಂದವರು ಬಿದ್ದು ಬಿದ್ದು ನಕ್ಕರು. ನಮಗೆ ಮೊದಲು ಹಿಗ್ಗಾಯಿತು. ಬಳಿಕ ಕಿವಿಗೊಟ್ಟು ಕೇಳಿದಾಗ ತಿಳಿಯಿತು: ಅವರು ನಗುತ್ತಿದ್ದುದು ಸೀರೆಗೆ; ಮಾತು ಯಾರಿಗೂ ಕೇಳಿಸುತ್ತಲೇ ಇರಲಿಲ್ಲ.

ತಾಲೀಮು ನಡೆಯುತ್ತಿದ್ದುದು ದೊಡ್ಡಮ್ಮನ ಹಜಾರದಲ್ಲಿ. ಮೂರನೆಯ ದಿನ ಒಳಗಿನಿಂದ ಒಂದು ಮಾತು ಬಂದಿತು: “ಹಂಗಲ್ಲ ಕಣ್ರೋ. ಅವ್ಳು ಹಂಗೆ ಕೂಗಲ್ಲ. ಕೂಗೋಳಾಗಿದ್ರೆ ಆಚೆ ಬರ್ತಿದ್ಲು.” ಅಷ್ಟು ಹೇಳಿ ಸುಮ್ಮನಾಗದೆ, ಆ ಮಾತನ್ನು ಹೇಗೆ ಆಡಬೇಕೆಂಬುದನ್ನು ಆಡಿಯೂ ತೋರಿಸಿದರು. ಮೆಲ್ಲನೆ, ಬೇರೇನೋ ಮಾಡುತ್ತ, ಅರ್ಧ ಗಮನ ಒಲೆಯ ಮೇಲಿರುವಂತೆ. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಹತ್ತು ವರ್ಷ ಬೀಜ ಸುಲಿಯುತ್ತ ಆಕೆ ಕೇಳಿದ್ದು ವ್ಯರ್ಥವಾಗಿರಲಿಲ್ಲ. ಕಂತುಗಳಲ್ಲಿ ನನಗೆ ನೆನಪಿರದಿದ್ದ ಮಾತುಗಳು ಕೂಡ ಆಕೆಯ ಬಾಯಿಯಲ್ಲಿದ್ದವು.

ಆಕೆಯನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಆಕೆಯ ಸುತ್ತಲಿನವರನ್ನು ಒಪ್ಪಿಸುವುದು ಕಷ್ಟವಾಯಿತು. ಮನೆಯ ಹೆಂಗಸಿನ ದನಿ ಊರಿಗೆಲ್ಲ ಮೈಕಿನಲ್ಲಿ ಕೇಳಬೇಕೆ ಎಂದು ಮನೆಯ ಗಂಡಸರು ಕೇಳಿದರು. ಬಾನುಲಿಯಲ್ಲಿ ಯಾರದೋ ಮನೆಯ ಹೆಂಗಸಿನ ದನಿಯನ್ನು ಇಷ್ಟು ವರ್ಷ ನೀವೆಲ್ಲ ಕೇಳಿದಿರಲ್ಲ ಎಂದು ನಾನು ತರ್ಕ ಹೂಡಿದೆ. ತರ್ಕದಿಂದ ಯಾವ ಮನೆಯಲ್ಲಿ ತಾನೆ ಏನು ನಡೆದಿದೆ? ಕೊನೆಗೆ ಒಂದು ರಾಜಿಯಾಯಿತು. ದೊಡ್ಡಮ್ಮ ರಂಗದ ಮೇಲೆ ಬರಕೂಡದು. ಹಿಂದಿನ ಪರದೆಯ ಹಿಂದೆ ಚಾಪೆ ಹಾಸಿಕೊಂಡು ಕುಳಿತು, ಅಲ್ಲಿಂದಲೇ ಮಾತನಾಡಬೇಕು. ಆಕೆಯ ಹೆಸರನ್ನು ಯಾರೂ ಕೂಗಿ ಹೇಳಕೂಡದು.

ಬಾನುಲಿಯ ಗೃಹಿಣಿಯಿದ್ದುದು ನಾಲ್ಕು ಹೆಜ್ಜೆ ಹಿಂದೆ. ನಮ್ಮ ಗೃಹಿಣಿಯೂ ನಾಲ್ಕು ಹೆಜ್ಜೆ ಹಿಂದೆಯೇ ಉಳಿದಳು. ಕಲೆಗೆ ಅದು ಒಪ್ಪಿಗೆಯಾಯಿತೆಂದು ನಾವು ಸಂತೋಷಪಟ್ಟೆವು. ಅದು ಕಲೆಯ ತೀರ್ಮಾನವಾಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲು ನನಗೆ ಹಲವು ವರ್ಷ ಬೇಕಾದುವು.

ಆ ಇರುಳು ಯಜಮಾನನ ಪಾತ್ರಧಾರಿಯು, “ಏನೇ, ಕೇಳಿಸ್ತೇನೇ?” ಎಂದು ಒಳಕ್ಕೆ ಕೂಗಿದಾಗ, ಬರೆದ ಪ್ರತಿಯಲ್ಲಿದ್ದ ಉತ್ತರ ‘ಹೂಂ’ ಎಂಬುದಷ್ಟೇ. ಪರದೆಯ ಹಿಂದಿನಿಂದ ಬಂದ ಉತ್ತರ ಬೇರೆ: “ಕೇಳಿಸ್ತು. ಮೂವತ್ತು ವರ್ಷದಿಂದ ಕೇಳಿಸ್ತಾನೇ ಐತೆ.” ಒಂದು ಕ್ಷಣ ಸಭೆ ಸ್ತಬ್ಧವಾಯಿತು. ಅನಂತರ ನಗೆ ಎದ್ದುದು ಹೆಂಗಸರು ಕುಳಿತ ಎಡಗಡೆಯಿಂದ. ಗಂಡಸರ ಕಡೆ ಅದು ತಲುಪಲು ಸ್ವಲ್ಪ ತಡವಾಯಿತು. ದನಿ ಯಾರದೆಂಬುದು ಊರಿಗೆಲ್ಲ ಗೊತ್ತಾಗಿಹೋಗಿತ್ತು. ಯಾರೂ ಹೆಸರು ಹೇಳಲಿಲ್ಲ.

ಕೊನೆಯ ದೃಶ್ಯದಲ್ಲಿ ಮಗನು ಪೆಟ್ಟಿಗೆ ಹಿಡಿದು ಹೊರಡುತ್ತಾನೆ. ಬಾನುಲಿಯ ಕಂತಿನಲ್ಲಿ ಆ ಒಂದು ಸಲ ಮಾತ್ರ ಗೃಹಿಣಿಯು ಹೊರಗೆ ಬರುತ್ತಾಳೆ. ಬಂದಳೆಂದು ಯಾರೂ ಹೇಳುವುದಿಲ್ಲ; ದನಿ ಹತ್ತಿರವಾಗುತ್ತದೆ, ಅಷ್ಟೆ. ಅದನ್ನು ಕೇಳಿ ನಮ್ಮ ಹಜಾರದಲ್ಲಿ ಬೀಜ ಸುಲಿಯುತ್ತಿದ್ದ ಕೈಗಳು ನಿಂತುದನ್ನು ನಾನು ಕಣ್ಣಾರೆ ಕಂಡಿದ್ದೆ. ರಂಗದ ಮೇಲೆ ಏನು ಮಾಡುವುದೆಂದು ನಮಗೆ ತೋಚಿರಲಿಲ್ಲ. ಹುಡುಗನು ಒಳಬಾಗಿಲ ಪರದೆಯ ಮುಂದೆ ನಿಂತು ಕಾದನು. ಪರದೆ ಅಲುಗಿತು. ಹಸುರು ಬಳೆ ತೊಟ್ಟ ಒಂದು ಕೈ ಹೊರಚಾಚಿ ಕಾಫಿ ಲೋಟವನ್ನು ಹಿಡಿಯಿತು. ಇದನ್ನು ನಾವು ತಾಲೀಮು ಮಾಡಿರಲಿಲ್ಲ. ಹುಡುಗನು ಲೋಟವನ್ನು ತೆಗೆದುಕೊಂಡು, ತನ್ನ ಮಾತನ್ನು ಮರೆತು, ಕುಡಿಯುತ್ತ ನಿಂತುಬಿಟ್ಟನು. ಕುಡಿದು ಮುಗಿಯುವವರೆಗೂ ಆ ಕೈ ಲೋಟಕ್ಕಾಗಿ ಹೊರಗೆಯೇ ಕಾಯುತ್ತಿತ್ತು.

ನಾಟಕ ಮುಗಿದ ಮೇಲೆ ಪಾತ್ರಧಾರಿಗಳಿಗೆಲ್ಲ ಹಾರ ಹಾಕಿದರು. ಹಾರ್ಮೋನಿಯಂ ಮಾಸ್ತರರಿಗೆ ಹಾಕಿದರು, ದೀಪ ಹಿಡಿದವನಿಗೂ ಹಾಕಿದರು. ಒಂದು ಹಾರ ಉಳಿಯಿತು. ತರಿಸುವಾಗ ಲೆಕ್ಕ ಸರಿಯಾಗಿಯೇ ಇತ್ತು. ಕರೆಯಬೇಕಾದ ಹೆಸರೊಂದನ್ನು ಕರೆಯುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಅದನ್ನು ದೊಡ್ಡಮ್ಮನ ಬಳಿಗೆ ಒಯ್ದೆನು. ಆಕೆ ದಾರ ಕಿತ್ತು, ಹೂಗಳನ್ನು ಬಿಡಿಸಿ, ಬೀದಿಯ ಹುಡುಗಿಯರಿಗೆ ಮುಡಿಯಲು ಹಂಚಿಬಿಟ್ಟರು.

ಒಲೆಯ ಜಾಗ

ಈಗ ನಾನು ಕಾಲೇಜೊ೦ದರಲ್ಲಿ ಕನ್ನಡವನ್ನು ಕಲಿಸುತ್ತೇನೆ. ಕೈಲಾಸಂ ಅವರನ್ನು ಪಾಠ ಮಾಡುವಾಗ ಪುಸ್ತಕವನ್ನು ಮುಚ್ಚಿಸಿ ಮೊದಲು ಕೇಳಿಸುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ಕೇಳುವುದು ಹೊಸದೇನಲ್ಲ. ಬಸ್ಸಿನಲ್ಲಿ ಬರುವಾಗಲೂ ಅವರ ಕಿವಿಯಲ್ಲಿ ಏನಾದರೊಂದು ಕಥೆ ನುಡಿಯುತ್ತಲೇ ಇರುತ್ತದೆ. ಪೆಟ್ಟಿಗೆ ಹೋಗಿ ಗುಂಡಿಯಷ್ಟು ಯಂತ್ರ ಬಂದಿದೆ, ಕಿವಿ ಹಿಂದಿನದೇ.

ಕಳೆದ ವರ್ಷದ ವಾರ್ಷಿಕೋತ್ಸವಕ್ಕೆ ಅವರೇ ಒಂದು ಸಂಸಾರದ ನಗೆನಾಟಕವನ್ನು ಕಟ್ಟಿದರು. ತಾಯಿಯ ಪಾತ್ರಕ್ಕೆ ಆಯ್ಕೆಯಾದ ಹುಡುಗಿಯ ದನಿ ಬಹಳ ಚೆನ್ನಾಗಿತ್ತು. ತಾಲೀಮಿಗೆ ಎರಡು ದಿನವಾದ ಮೇಲೆ ಆಕೆ ನನ್ನ ಬಳಿಗೆ ಬಂದು, ಈ ಪಾತ್ರವನ್ನು ಪರದೆಯ ಹಿಂದಿನಿಂದ ನುಡಿದರೆ ಆಗದೇ ಎಂದು ಕೇಳಿದಳು. ನಾಟಕ ನೋಡಲು ಊರಿನಿಂದ ಮನೆಯವರು ಬರುವರಂತೆ. ಇಪ್ಪತ್ತು ವರ್ಷಗಳ ಹಿಂದಿನ ಹುಡುಗನಾಗಿದ್ದರೆ ಒಳ್ಳೆಯ ಉಪಾಯವೆಂದು ಚಾಪೆ ತರಿಸುತ್ತಿದ್ದೆನು. ನಾನು ಆಕೆಗೆ ದೊಡ್ಡಮ್ಮನ ಕಥೆಯನ್ನು ಹೇಳಿದೆ. ಹೂ ಹಂಚಿದ ಸಂಗತಿಯನ್ನೂ ಹೇಳಿದೆ. ಬರಬೇಕೆಂದಾಗಲಿ, ಬರಬೇಡವೆಂದಾಗಲಿ ಹೇಳಲಿಲ್ಲ. ಬರುವುದರ ಬೆಲೆಯನ್ನು ತೆರಬೇಕಾದವಳು ಆಕೆಯೇ ಹೊರತು ನಾನಲ್ಲ.

ಮೂರು ದಿನಗಳ ಬಳಿಕ ಆಕೆ ರಂಗದ ಮೇಲೆ ಬಂದು ನಿಂತಳು. ಆದರೆ ನಿಂತುದು ಹಿಂದಿನ ಗೋಡೆಯ ಒಲೆಯ ಕಡೆಗೆ ಮುಖ ಮಾಡಿ, ಸಭೆಗೆ ಬೆನ್ನು ಕೊಟ್ಟು. ತಿರುಗೆಂದು ಗೆಳತಿಯರು ಹೇಳಿದಷ್ಟೂ ಒಲೆಯ ಕಡೆಗೇ ಬಗ್ಗಿದಳು. ಆಗ ರಂಗಸಜ್ಜಿಕೆ ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ವಿದ್ಯಾರ್ಥಿನಿಯು ಯಾರನ್ನೂ ಕೇಳದೆ ಎದ್ದುಹೋಗಿ, ಒಲೆ, ಪಾತ್ರೆ, ಸೌಟುಗಳನ್ನೆಲ್ಲ ಎತ್ತಿ ತಂದು ರಂಗದ ಮುಂದಿನ ಅಂಚಿನಲ್ಲಿ, ಸಭೆಗೆ ತೀರ ಸಮೀಪದಲ್ಲಿ, ಸಾಲಾಗಿ ಇರಿಸಿದಳು. ತಾಯಿಯ ಪಾತ್ರದ ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ಬಳಿಕ ಬಂದು ಒಲೆಯ ಹಿಂದೆ ಕುಳಿತಳು. ಸೌಟನ್ನು ಕೈಗೆ ತೆಗೆದುಕೊಂಡು, ಪಾತ್ರೆಯನ್ನು ನೋಡುತ್ತಲೇ ತನ್ನ ಮೊದಲ ಮಾತನ್ನು ಆಡಿದಳು.